ಒಂದೇ ಲೆಕ್ಕ, ಹಲವು ದಾರಿ: ಕ್ಯಾಲ್ಕುಲಸ್‌ನಲ್ಲಿ ಯಾವ ವಿಧಾನ ಯಾವಾಗ ಹಿಡಿಯಬೇಕು?

ಇಂಟಿಗ್ರೇಷನ್ ಲೆಕ್ಕ ಬಿಡಿಸಲು ಕೂತಾಗ ದಾರಿಗಳು ಒಂದಕ್ಕಿಂತ ಜಾಸ್ತಿ ಇರುತ್ತವೆ. ಸಬ್‌ಸ್ಟಿಟ್ಯೂಷನ್ (ಒಂದು ಭಾಗಕ್ಕೆ ಹೊಸ ಅಕ್ಷರ ಇಡುವುದು) ಮಾಡಬಹುದು, ಬೈ ಪಾರ್ಟ್ಸ್ (ಗುಣಾಕಾರದ ಒಂದು ಭಾಗವನ್ನು ಡಿಫರೆನ್ಸಿಯೇಟ್, ಇನ್ನೊಂದನ್ನು ಇಂಟಿಗ್ರೇಟ್ ಮಾಡುವುದು) ಮಾಡಬಹುದು, ಚಿತ್ರ ಬರೆದು ವಿಸ್ತೀರ್ಣ ನೋಡಬಹುದು, ಕಂಪ್ಯೂಟರಿಗೆ ಕೊಟ್ಟುಬಿಡಬಹುದು. ತಪ್ಪಿಲ್ಲದೆ ಮಾಡಿದರೆ ಎಲ್ಲವೂ ಒಂದೇ ಕಡೆ ತಲುಪಿಸುತ್ತವೆ. ಆದರೆ ಒಂದು ಮೂರು ಸಾಲಲ್ಲಿ ಮುಗಿಯುತ್ತದೆ, ಇನ್ನೊಂದು ಎರಡು ಪುಟ ತಿನ್ನುತ್ತದೆ. ಸಾಲುಗಳು ಜಾಸ್ತಿಯಾದಷ್ಟೂ ಪ್ಲಸ್ ಮೈನಸ್ ಅದಲುಬದಲಾಗುವ ಅಪಾಯವೂ ಜಾಸ್ತಿ.

ವಿಧಾನ ಆರಿಸುವ ಮುಂಚೆ ಒಂದು ವಿಷಯ ತೀರ್ಮಾನ ಮಾಡಿಕೊಳ್ಳಿ. ನಿಮಗೆ ಬೇಕಾಗಿರುವುದು ಎಕ್ಸ್‌ನಲ್ಲಿ ಬರೆದ ಸೂತ್ರವಾ? 116/15 ಅಥವಾ ಪೈ/4 ಥರದ ನಿಖರ ಸಂಖ್ಯೆಯಾ? ಅಥವಾ ಮೂರು ದಶಾಂಶದವರೆಗೆ ಸರಿಯಿದ್ದರೆ ಸಾಕಾ? ಇದು ಗೊತ್ತಾದರೆ ಅರ್ಧ ದಾರಿಗಳು ತಾವಾಗಿಯೇ ಬಿಟ್ಟುಹೋಗುತ್ತವೆ.

ಒಂದು ಲೆಕ್ಕವನ್ನು ಪೂರ್ತಿ ನೋಡೋಣ

ಲೆಕ್ಕ ಇದು: 0 ರಿಂದ 3 ರವರೆಗೆ ∫ ಎಕ್ಸ್ √(ಎಕ್ಸ್ + 1) ಡಿಎಕ್ಸ್.

ಪೆನ್ನು ಓಡಿಸುವ ಮೊದಲು ಉತ್ತರ ಎಲ್ಲಿರಬೇಕು ಎಂದು ಅಂದಾಜು ಮಾಡಿ. ಈ ವ್ಯಾಪ್ತಿಯಲ್ಲಿ √(ಎಕ್ಸ್ + 1) ಯಾವಾಗಲೂ 1 ಅಥವಾ ಅದಕ್ಕಿಂತ ದೊಡ್ಡದು. ಹಾಗಾಗಿ ವಕ್ರರೇಖೆ ವೈ = ಎಕ್ಸ್ ಎಂಬ ಗೆರೆಗಿಂತ ಕೆಳಗೆ ಇಳಿಯುವುದಿಲ್ಲ. ಆ ಗೆರೆಯ ಕೆಳಗಿನ ವಿಸ್ತೀರ್ಣ 4.5. ಇನ್ನು ಎಕ್ಸ್ = 3 ರಲ್ಲಿ ಎತ್ತರ 6. ರೇಖೆ ಕೆಳಕ್ಕೆ ಬಾಗಿಕೊಂಡು ಮೇಲೇರುವುದರಿಂದ, ಶುರು ಮತ್ತು ಕೊನೆ ಸೇರಿಸುವ ನೇರ ಗೆರೆಯ ಕೆಳಗೇ ಇರುತ್ತದೆ. ಆ ತ್ರಿಕೋನದ ವಿಸ್ತೀರ್ಣ 9. ಅಂದರೆ ಉತ್ತರ 4.5 ಮತ್ತು 9 ರ ನಡುವೆ ಇರಲೇಬೇಕು. ಅರ್ಧ ನಿಮಿಷದ ಕೆಲಸ ಇದು, ಆಮೇಲೆ ಎಷ್ಟು ಉಪಯೋಗಕ್ಕೆ ಬರುತ್ತದೆ ನೋಡಿ.

ಮೊದಲ ದಾರಿ, ಸಬ್‌ಸ್ಟಿಟ್ಯೂಷನ್. ಯು = ಎಕ್ಸ್ + 1 ಎಂದಿಟ್ಟುಕೊಂಡರೆ ಎಕ್ಸ್ = ಯು − 1. ಒಳಗಿರುವುದು (ಯು − 1)√ಯು ಆಗುತ್ತದೆ. ಬಿಡಿಸಿ ಬರೆದರೆ ಯು^(3/2) − ಯು^(1/2). ಇಂಟಿಗ್ರೇಟ್ ಮಾಡಿದರೆ

(2/5) ಯು^(5/2) − (2/3) ಯು^(3/2).

ಮಿತಿಗಳು ಈಗ 1 ರಿಂದ 4. ಬೆಲೆ ಹಾಕಿದರೆ 62/5 − 14/3 = 116/15, ಅಂದರೆ ಸುಮಾರು 7.733.

ಇಲ್ಲಿ ತುಂಬ ಜನ ಎಡವುವುದು ಮಿತಿಗಳಲ್ಲಿ. ಯು ಗೆ ಬದಲಾಯಿಸಿಕೊಂಡು, ಹಳೆಯ 0 ಮತ್ತು 3 ನ್ನೇ ಹಾಕಿಬಿಟ್ಟರೆ 2.77 ಬರುತ್ತದೆ. ಆದರೆ ಉತ್ತರ 4.5 ಕ್ಕಿಂತ ಕಡಿಮೆ ಇರಲು ಸಾಧ್ಯವೇ ಇಲ್ಲ ಎಂದು ಮೊದಲೇ ನೋಡಿದ್ದೇವೆ ಅಲ್ವಾ? ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ.

ಎರಡನೇ ದಾರಿ, ಬೈ ಪಾರ್ಟ್ಸ್. ಎಕ್ಸ್ ಅನ್ನು ಡಿಫರೆನ್ಸಿಯೇಟ್ ಮಾಡುವ ಭಾಗವಾಗಿ, ವರ್ಗಮೂಲವನ್ನು ಇಂಟಿಗ್ರೇಟ್ ಮಾಡುವ ಭಾಗವಾಗಿ ತೆಗೆದುಕೊಂಡರೆ ಸಿಗುವುದು

(2/3) ಎಕ್ಸ್ (ಎಕ್ಸ್ + 1)^(3/2) − (4/15)(ಎಕ್ಸ್ + 1)^(5/2).

ಬೆಲೆ ಹಾಕಿದರೆ 16 − 124/15, ಮತ್ತೆ 116/15. ಇಲ್ಲಿ ಮಿತಿಗಳನ್ನು ಬದಲಾಯಿಸುವ ಗೋಜಿಲ್ಲ, ಅದು ಲಾಭ. ಆದರೆ ಭಿನ್ನರಾಶಿಗಳ ಗುಣಾಕಾರ ಜಾಸ್ತಿ.

ಮೂರನೇ ದಾರಿ, ವರ್ಗಮೂಲವನ್ನೇ ಹೊಸ ಹೆಸರಿನಿಂದ ಕರೆಯುವುದು. ಟಿ = √(ಎಕ್ಸ್ + 1) ಆದರೆ ಎಕ್ಸ್ = ಟಿ² − 1, ಡಿಎಕ್ಸ್ = 2ಟಿ ಡಿಟಿ. ಇಡೀ ಲೆಕ್ಕ 1 ರಿಂದ 2 ರವರೆಗೆ 2(ಟಿ⁴ − ಟಿ²) ಎಂಬ ಸರಳ ಬಹುಪದವಾಗುತ್ತದೆ. ಭಿನ್ನ ಘಾತಗಳೇ ಇಲ್ಲ. ಕೈಯಲ್ಲಿ ಮಾಡುವುದಾದರೆ ಇವುಗಳಲ್ಲಿ ನನಗೆ ಇಷ್ಟವಾದದ್ದು ಇದೇ, ಯಾಕೆಂದರೆ ತಪ್ಪಾಗುವ ಜಾಗಗಳು ಇಲ್ಲಿ ತೀರಾ ಕಡಿಮೆ.

ನಾಲ್ಕನೆಯದು ಸಣ್ಣ ಬೀಜಗಣಿತ. ಎಕ್ಸ್ ಬದಲು (ಎಕ್ಸ್ + 1) − 1 ಎಂದು ಬರೆದರೆ ಸಬ್‌ಸ್ಟಿಟ್ಯೂಷನ್ ಹೆಸರೂ ಎತ್ತದೆ ನೇರವಾಗಿ (ಎಕ್ಸ್ + 1)^(3/2) − (ಎಕ್ಸ್ + 1)^(1/2) ಸಿಗುತ್ತದೆ. ಲೆಕ್ಕ ಮೊದಲನೆಯದೇ, ಬರೆಯುವ ಸಾಲು ಅರ್ಧ. ಕಣ್ಣು ಪಳಗಿದ ಮೇಲೆ ಇದು ಸುಮ್ನೆ ಹೊಳೆಯುತ್ತದೆ. ಪಳಗುವವರೆಗೆ ಯು ಬರೆದುಕೊಂಡೇ ಮಾಡುವುದು ಒಳ್ಳೆಯದು.

ಅಂದಾಜು ಸಾಕು ಎನ್ನುವವರಿಗೆ ಸಿಂಪ್ಸನ್ ನಿಯಮ ಇದೆ. ಎತ್ತರಗಳನ್ನು 0, 1.5, 3 ಈ ಮೂರೇ ಜಾಗಗಳಲ್ಲಿ ಅಳೆದರೆ ಅವು 0, 2.3717 ಮತ್ತು 6. ನಡುವಿನದಕ್ಕೆ ನಾಲ್ಕು ಪಟ್ಟು ತೂಕ ಕೊಟ್ಟು ಕೂಡಿಸಿ, 0.5 ರಿಂದ ಗುಣಿಸಿದರೆ 7.743. ನಿಜವಾದ ಉತ್ತರಕ್ಕೂ ಇದಕ್ಕೂ ವ್ಯತ್ಯಾಸ 0.01. ಅದೇ ಮೂರು ಎತ್ತರಗಳನ್ನು ಟ್ರೆಪಿಜಾಯ್ಡ್ ನಿಯಮಕ್ಕೆ (ಎತ್ತರಗಳ ತುದಿಗಳನ್ನು ನೇರ ಗೆರೆಗಳಿಂದ ಸೇರಿಸಿ ವಿಸ್ತೀರ್ಣ ಅಳೆಯುವುದು) ಹಾಕಿದರೆ 8.058 ಬರುತ್ತದೆ. ಸಿಂಪ್ಸನ್‌ಗೆ ಐದು ಜಾಗಗಳನ್ನು ಕೊಟ್ಟರೆ 7.7343, ವ್ಯತ್ಯಾಸ 0.001 ರ ಒಳಗೆ. ಮೂರೇ ಎತ್ತರಗಳಿಗೆ ಎರಡೂ ನಿಯಮಗಳ ಕೆಲಸ ಒಂದೇ, ಫಲ ಇಷ್ಟು ಬೇರೆ. ಕೈಲೆಕ್ಕದಲ್ಲಿ ಟ್ರೆಪಿಜಾಯ್ಡ್ ಹಿಡಿಯಲು ಕಾರಣವೇ ಕಾಣುವುದಿಲ್ಲ. ಅಳತೆಗಳು ಸಮ ದೂರದಲ್ಲಿ ಇಲ್ಲದಿದ್ದಾಗ ಮಾತ್ರ ಅದು ಬೇಕಾಗುತ್ತದೆ. ಅಂದಹಾಗೆ, ಸಿಂಪ್ಸನ್ ಹೆಸರಿನಲ್ಲಿರುವ ಈ ಲೆಕ್ಕವನ್ನು ಕೆಪ್ಲರ್ 1615 ರಲ್ಲೇ ದ್ರಾಕ್ಷಾರಸದ ಪೀಪಾಯಿಗಳ ಗಾತ್ರ ಅಳೆಯಲು ಬಳಸಿದ್ದ.

ಉತ್ತರಗಳು ಬೇರೆ ಬೇರೆ ಕಂಡರೆ ಗಾಬರಿ ಬೇಡ

ಸೈನ್ ಎಕ್ಸ್ × ಕಾಸ್ ಎಕ್ಸ್ ಅನ್ನು ಇಂಟಿಗ್ರೇಟ್ ಮಾಡಿ. ಯು = ಸೈನ್ ಎಕ್ಸ್ ಎಂದವರಿಗೆ ಸೈನ್²ಎಕ್ಸ್ / 2 ಬರುತ್ತದೆ. ಯು = ಕಾಸ್ ಎಕ್ಸ್ ಎಂದವರಿಗೆ −ಕಾಸ್²ಎಕ್ಸ್ / 2. ಮೊದಲು ಸೈನ್ 2ಎಕ್ಸ್ / 2 ಎಂದು ಬದಲಾಯಿಸಿಕೊಂಡವರಿಗೆ −ಕಾಸ್ 2ಎಕ್ಸ್ / 4. ಪುಸ್ತಕದ ಹಿಂದಿನ ಉತ್ತರದಲ್ಲಿ ಇವುಗಳಲ್ಲಿ ಒಂದೇ ಇರುತ್ತದೆ. ಉಳಿದವರು ತಮ್ಮದು ತಪ್ಪು ಎಂದುಕೊಂಡು ಸರಿಯಾದ ಲೆಕ್ಕವನ್ನೇ ಹೊಡೆದುಹಾಕುತ್ತಾರೆ.

ಮೂರೂ ಸರಿ. ಎರಡು ಜಾಗದಲ್ಲಿ ಬೆಲೆ ಹಾಕಿ ನೋಡಿದರೆ ಗೊತ್ತಾಗುತ್ತದೆ. ಎಕ್ಸ್ = 0 ಆದಾಗ ಮೊದಲನೆಯದು 0, ಎರಡನೆಯದು −1/2. ಎಕ್ಸ್ = ಪೈ/2 ಆದಾಗ ಮೊದಲನೆಯದು 1/2, ಎರಡನೆಯದು 0. ಎರಡು ಕಡೆಯೂ ವ್ಯತ್ಯಾಸ 1/2. ಎಲ್ಲ ಕಡೆಯೂ ಅಷ್ಟೇ, ಯಾಕೆಂದರೆ ಸೈನ್² + ಕಾಸ್² = 1. ಆ 1/2 ಕೊನೆಯಲ್ಲಿ ಬರೆಯುವ '+ ಸಿ' ಎಂಬ ಸ್ಥಿರಾಂಕದ ಒಳಗೆ ಸೇರಿಕೊಂಡುಬಿಡುತ್ತದೆ. ಡೆಫಿನಿಟ್ ಇಂಟಿಗ್ರಲ್ (ಮಿತಿಗಳು ಕೊಟ್ಟಿರುವುದು) ಆದರೆ ಕಳೆಯುವಾಗ ಅದು ತಾನಾಗಿಯೇ ಹೋಗುತ್ತದೆ. ಎರಡು ಜಾಗದಲ್ಲಿ ಒಂದೇ ವ್ಯತ್ಯಾಸ ಬಂದರೆ ಅದು ಒಳ್ಳೆಯ ಸುಳಿವು. ಪೂರ್ತಿ ಖಾತ್ರಿಗೆ ಉತ್ತರವನ್ನು ಡಿಫರೆನ್ಸಿಯೇಟ್ ಮಾಡಿ ಮೂಲ ಪ್ರಶ್ನೆ ವಾಪಸ್ ಬರುತ್ತದಾ ನೋಡಿ.

ಒಂದು ಕಡೆ ಮಾತ್ರ ಎಚ್ಚರ ಬೇಕು. 1/(1 + ಎಕ್ಸ್²) ಗೆ ಎಲ್ಲರಿಗೂ ಗೊತ್ತಿರುವ ಉತ್ತರ ಆರ್ಕ್‌ಟ್ಯಾನ್ ಎಕ್ಸ್. ಎಕ್ಸ್ = 1/ಟಿ ಎಂಬ ಸಬ್‌ಸ್ಟಿಟ್ಯೂಷನ್ ಮಾಡಿದವರಿಗೆ −ಆರ್ಕ್‌ಟ್ಯಾನ್ (1/ಎಕ್ಸ್) ಬರುತ್ತದೆ. ಡಿಫರೆನ್ಸಿಯೇಟ್ ಮಾಡಿ ನೋಡಿದರೆ ಇದೂ ಸರಿಯೇ. ಈಗ −1 ರಿಂದ 1 ರವರೆಗೆ ಬೆಲೆ ಹಾಕಿ. ಮೊದಲನೆಯದು ಪೈ/2 ಕೊಡುತ್ತದೆ. ಎರಡನೆಯದು −ಪೈ/2. ಎಲ್ಲೆಲ್ಲೂ ಧನವಾಗಿರುವ ಫಂಕ್ಷನ್‌ನ ವಿಸ್ತೀರ್ಣ ಋಣ ಆಗುವುದು ಹೇಗೆ?

ಎಕ್ಸ್ = 0 ಯಲ್ಲಿ 1/ಎಕ್ಸ್ ಗೆ ಅರ್ಥವಿಲ್ಲ. ಅಲ್ಲಿ ಎರಡನೇ ಉತ್ತರ ತುಂಡಾಗುತ್ತದೆ. ಸೊನ್ನೆಯ ಬಲಕ್ಕೆ ಎರಡು ಉತ್ತರಗಳ ವ್ಯತ್ಯಾಸ ಪೈ/2, ಎಡಕ್ಕೆ −ಪೈ/2. ಸ್ಥಿರಾಂಕ ಎರಡೂ ಕಡೆ ಒಂದೇ ಆಗಿರಬೇಕೆಂದಿಲ್ಲ. ಹಾಗಾಗಿ ವ್ಯತ್ಯಾಸ ನೋಡಲು ಎರಡು ಜಾಗ ಆರಿಸುವಾಗ, ನಡುವೆ ತುಂಡಾಗುವ ಜಾಗ ಇದೆಯಾ ಎಂದು ಕಣ್ಣು ಹಾಯಿಸಿ. ಡಿಫರೆನ್ಸಿಯೇಟ್ ಮಾಡಿ ನೋಡುವ ಪರೀಕ್ಷೆಯೂ ಇದನ್ನು ಹಿಡಿಯುವುದಿಲ್ಲ, ನೆನಪಿರಲಿ.

ಸಬ್‌ಸ್ಟಿಟ್ಯೂಷನ್, ಬೈ ಪಾರ್ಟ್ಸ್, ಅಥವಾ ಊಹೆ?

ಒಳಗೆ ಒಂದು ಫಂಕ್ಷನ್ ಇದ್ದು, ಅದರ ಡಿರೈವೇಟಿವ್ ಪಕ್ಕದಲ್ಲೇ ಗುಣಾಕಾರದಲ್ಲಿ ಕೂತಿದ್ದರೆ ಸಬ್‌ಸ್ಟಿಟ್ಯೂಷನ್. 2ಎಕ್ಸ್ × ಕಾಸ್(ಎಕ್ಸ್²) ಥರದವು. ಎರಡು ಬೇರೆ ಜಾತಿಯ ಫಂಕ್ಷನ್‌ಗಳ ಗುಣಲಬ್ಧ ಇದ್ದು, ಒಂದು ಡಿಫರೆನ್ಸಿಯೇಟ್ ಮಾಡಿದಷ್ಟೂ ಸಣ್ಣದಾಗುವುದಾದರೆ ಬೈ ಪಾರ್ಟ್ಸ್. ಎಕ್ಸ್ × ಇ^ಎಕ್ಸ್ ಗೆ ಸಬ್‌ಸ್ಟಿಟ್ಯೂಷನ್ ಹಾಕಿ ಗುದ್ದಾಡಿದರೆ ಏನೂ ಸಿಗುವುದಿಲ್ಲ, ಬೈ ಪಾರ್ಟ್ಸ್ ಒಂದೇ ಸಲಕ್ಕೆ ಮುಗಿಸುತ್ತದೆ. ಲಾಗ್ ಎಕ್ಸ್ ಒಂದೇ ಇದ್ದರೂ ಪಕ್ಕದಲ್ಲಿ 1 ಇದೆ ಎಂದುಕೊಂಡು ಬೈ ಪಾರ್ಟ್ಸ್ ಮಾಡಬಹುದು: ಎಕ್ಸ್ ಲಾಗ್ ಎಕ್ಸ್ − ಎಕ್ಸ್. ಬಹುಪದದ ಕೆಳಗೆ ಬಹುಪದ ಇದ್ದು ಛೇದ ಅಪವರ್ತನಗಳಾಗಿ ಒಡೆಯುವುದಾದರೆ ಪಾರ್ಶಿಯಲ್ ಫ್ರ್ಯಾಕ್ಷನ್ (ಸಣ್ಣ ಭಿನ್ನರಾಶಿಗಳಾಗಿ ಒಡೆಯುವುದು), ಅದರಲ್ಲಿ ಯೋಚಿಸುವಂಥದ್ದೇನಿಲ್ಲ. ಅಂಶದ ಘಾತ ಛೇದಕ್ಕಿಂತ ಕಡಿಮೆ ಇರಬೇಕು ಅಷ್ಟೇ. ಇಲ್ಲದಿದ್ದರೆ ಮೊದಲು ಭಾಗಿಸಿಕೊಳ್ಳಿ.

ಊಹೆಯ ದಾರಿಯನ್ನು ತರಗತಿಗಳಲ್ಲಿ ಯಾಕೋ ಕಡಿಮೆ ಹೇಳಿಕೊಡುತ್ತಾರೆ. ಇ^ಎಕ್ಸ್ ಸೈನ್ ಎಕ್ಸ್ ತೆಗೆದುಕೊಳ್ಳಿ. ಬೈ ಪಾರ್ಟ್ಸ್ ಎರಡು ಸಲ ಮಾಡಿದರೆ ಶುರು ಮಾಡಿದ ಇಂಟಿಗ್ರಲ್ಲೇ ಮತ್ತೆ ಎದುರಿಗೆ ಬರುತ್ತದೆ. ಅದನ್ನು ಎಡಕ್ಕೆ ತಂದು ಎರಡರಿಂದ ಭಾಗಿಸಬೇಕು. ಎರಡನೇ ಸಲ ಎರಡು ಭಾಗಗಳ ಪಾತ್ರ ಅದಲುಬದಲಾದರೆ 0 = 0 ಎಂದು ಬಂದು ಕೂರುತ್ತದೆ.

ಅದರ ಬದಲು ಹೀಗೆ ಯೋಚಿಸಿ. ಇ^ಎಕ್ಸ್ ಜೊತೆ ಸೈನ್, ಕಾಸ್ ಇದ್ದರೆ ಎಷ್ಟು ಸಲ ಡಿಫರೆನ್ಸಿಯೇಟ್ ಮಾಡಿದರೂ ಅವೇ ಎರಡು ಬರುತ್ತವೆ. ಆದ್ದರಿಂದ ಉತ್ತರ ಇ^ಎಕ್ಸ್ (ಎ ಸೈನ್ ಎಕ್ಸ್ + ಬಿ ಕಾಸ್ ಎಕ್ಸ್) ಎಂಬ ರೂಪದಲ್ಲೇ ಇರಬೇಕು. ಇದನ್ನು ಡಿಫರೆನ್ಸಿಯೇಟ್ ಮಾಡಿದರೆ ಸೈನ್ ಜೊತೆ ಎ − ಬಿ, ಕಾಸ್ ಜೊತೆ ಎ + ಬಿ. ನಮಗೆ ಬೇಕಾಗಿರುವುದು ಸೈನ್ ಜೊತೆ 1, ಕಾಸ್ ಜೊತೆ 0. ಎ = 1/2, ಬಿ = −1/2. ಮುಗಿಯಿತು: ಇ^ಎಕ್ಸ್ (ಸೈನ್ ಎಕ್ಸ್ − ಕಾಸ್ ಎಕ್ಸ್) / 2.

ಇದರ ಚೆಂದ ಏನೆಂದರೆ ತಾಳೆ ನೋಡುವ ಕೆಲಸ ವಿಧಾನದ ಒಳಗೇ ಇದೆ. ಬಹುಪದ × ಇ^ಎಕ್ಸ್ ಇದ್ದಾಗಲೂ ಇದು ನಡೆಯುತ್ತದೆ. ಎಕ್ಸ್³ ಇ^ಎಕ್ಸ್ ಗೆ ಮೂರು ಸಲ ಬೈ ಪಾರ್ಟ್ಸ್ ಮಾಡುವವರು ಒಮ್ಮೆ ಈ ದಾರಿ ಹಿಡಿದು ನೋಡಬೇಕು. ಆದರೆ ಉತ್ತರದ ರೂಪ ಗೊತ್ತಿಲ್ಲದ ಕಡೆ ಊಹೆ ಕೆಲಸಕ್ಕೆ ಬರುವುದಿಲ್ಲ.

ಮಿತಿಗಳು ಕೊಟ್ಟಿದ್ದರೆ ಅವುಗಳನ್ನು ಮೊದಲು ಓದಿ

ಡೆಫಿನಿಟ್ ಇಂಟಿಗ್ರಲ್‌ನಲ್ಲಿ ಮಿತಿಗಳೇ ಎಷ್ಟೋ ಸಲ ಸುಳಿವು ಕೊಡುತ್ತವೆ. 0 ರಿಂದ 2 ರವರೆಗೆ √(4 − ಎಕ್ಸ್²) ಕೊಟ್ಟಾಗ ಎಕ್ಸ್ = 2 ಸೈನ್ ಥೀಟಾ ಎಂದು ಶುರು ಮಾಡುವುದು ರೂಢಿ. ಆದರೆ ಇದು ತ್ರಿಜ್ಯ 2 ಇರುವ ವೃತ್ತದ ಕಾಲು ಭಾಗ. ವಿಸ್ತೀರ್ಣ 4ಪೈ/4 = ಪೈ. ಚಿತ್ರ ಬರೆದವರಿಗೆ ಒಂದೇ ಸಾಲು. ಮಿತಿ 0 ರಿಂದ 1 ಆಗಿದ್ದರೆ ಟ್ರಿಗ್ ಸಬ್‌ಸ್ಟಿಟ್ಯೂಷನ್ನೂ ಸರಿ, ವೃತ್ತವನ್ನು ತ್ರಿಕೋನ ಮತ್ತು ಸೆಕ್ಟರ್ ಎಂದು ಒಡೆದರೂ ಸರಿ. ಎರಡಕ್ಕೂ ಹೆಚ್ಚುಕಮ್ಮಿ ಅಷ್ಟೇ ಹೊತ್ತು ಹಿಡಿಯುತ್ತದೆ.

ಇನ್ನೊಂದು: 0 ರಿಂದ ಪೈ/2 ರವರೆಗೆ ಸೈನ್⁵ಎಕ್ಸ್ / (ಸೈನ್⁵ಎಕ್ಸ್ + ಕಾಸ್⁵ಎಕ್ಸ್). ಇದಕ್ಕೆ ಸೂತ್ರ ಹುಡುಕಲು ಹೊರಟರೆ ಸಂಜೆಯಾದರೂ ಮುಗಿಯುವುದಿಲ್ಲ. ಎಕ್ಸ್ ಬದಲು ಪೈ/2 − ಎಕ್ಸ್ ಹಾಕಿ. ಸೈನ್, ಕಾಸ್ ಜಾಗ ಬದಲಾಯಿಸಿಕೊಳ್ಳುತ್ತವೆ, ಬೆಲೆ ಬದಲಾಗುವುದಿಲ್ಲ. ಹಳೆಯದು ಮತ್ತು ಹೊಸದನ್ನು ಕೂಡಿಸಿದರೆ ಒಳಗೆ ಬರೀ 1 ಉಳಿಯುತ್ತದೆ. ಅಂದರೆ ಬೆಲೆಯ ಎರಡು ಪಟ್ಟು ಪೈ/2, ಬೆಲೆ ಪೈ/4. ಘಾತ 5 ಇದ್ದರೂ 50 ಇದ್ದರೂ ಉತ್ತರ ಅದೇ. −ಎ ಇಂದ ಎ ವರೆಗೆ ಮಿತಿ ಇದ್ದು ಫಂಕ್ಷನ್ ಆಡ್ (ಎಕ್ಸ್ ಬದಲು −ಎಕ್ಸ್ ಹಾಕಿದರೆ ಚಿಹ್ನೆ ಮಾತ್ರ ಬದಲಾಗುವಂಥದ್ದು) ಆಗಿದ್ದರೆ ಉತ್ತರ 0, ಪೆನ್ನು ಎತ್ತುವುದೇ ಬೇಡ. ಆದರೆ ನಡುವೆ ಫಂಕ್ಷನ್ ಅನಂತಕ್ಕೆ ಹೋಗುತ್ತಿರಬಾರದು. −1 ರಿಂದ 1 ರವರೆಗೆ 1/ಎಕ್ಸ್ ಗೆ 0 ಎಂದು ಬರೆಯುವ ಹಾಗಿಲ್ಲ.

ಲಿಮಿಟ್ ಲೆಕ್ಕಗಳಲ್ಲಿ

ಎಕ್ಸ್ ಸೊನ್ನೆಯ ಕಡೆ ಹೋಗುವಾಗ (ಟ್ಯಾನ್ ಎಕ್ಸ್ − ಸೈನ್ ಎಕ್ಸ್) / ಎಕ್ಸ್³ ಏನಾಗುತ್ತದೆ? ಲಾಪಿಟಾಲ್ ನಿಯಮ (ಮೇಲಿನದನ್ನೂ ಕೆಳಗಿನದನ್ನೂ ಬೇರೆ ಬೇರೆಯಾಗಿ ಡಿಫರೆನ್ಸಿಯೇಟ್ ಮಾಡುವುದು) ಹಾಕಿದರೆ ಟ್ಯಾನ್‌ನ ಡಿರೈವೇಟಿವ್‌ಗಳು ಸೆಕ್² ಹೊತ್ತುಕೊಂಡು ಬೆಳೆಯುತ್ತಾ ಹೋಗುತ್ತವೆ. ಶ್ರೇಣಿ, ಅಂದರೆ ಫಂಕ್ಷನ್ ಅನ್ನು ಎಕ್ಸ್‌ನ ಘಾತಗಳ ಮೊತ್ತವಾಗಿ ಬರೆಯುವುದು, ಗೊತ್ತಿದ್ದರೆ ಟ್ಯಾನ್‌ನಲ್ಲಿ ಎಕ್ಸ್³/3, ಸೈನ್‌ನಲ್ಲಿ −ಎಕ್ಸ್³/6, ವ್ಯತ್ಯಾಸ 1/2. ಬೀಜಗಣಿತದಲ್ಲೂ ಆಗುತ್ತದೆ: ಟ್ಯಾನ್ ಎಕ್ಸ್ ಹೊರಗೆ ತೆಗೆದರೆ ಒಳಗೆ 1 − ಕಾಸ್ ಎಕ್ಸ್, ಎರಡಕ್ಕೂ ಪರಿಚಿತ ಲಿಮಿಟ್ ಇದೆ. ನಾನಾದರೆ ಶ್ರೇಣಿಯನ್ನೇ ಹಿಡಿಯುತ್ತೇನೆ. ಲಾಪಿಟಾಲ್ ಒಂದು ಸಲಕ್ಕೆ ಮುಗಿಯುವಂತಿದ್ದರೆ ಮಾತ್ರ ಅದು.

ಸೂತ್ರವೇ ಸಿಗದಿದ್ದರೆ

ಇ^(−ಎಕ್ಸ್²) ನೋಡಲು ಎಷ್ಟು ಸರಳ! ಆದರೆ ಘಾತ, ಟ್ರಿಗ್, ಲಾಗ್, ಮೂಲಗಳಂಥ ಪರಿಚಿತ ಫಂಕ್ಷನ್‌ಗಳನ್ನು ಎಷ್ಟು ಜೋಡಿಸಿದರೂ ಇದರ ಇಂಟಿಗ್ರಲ್ ಬರೆಯಲು ಆಗುವುದಿಲ್ಲ. ನಮ್ಮ ಜಾಣತನ ಸಾಲದೆ ಹೀಗಾಗಿದೆ ಎಂದುಕೊಳ್ಳಬೇಡಿ. 1830 ರ ದಶಕದಲ್ಲಿ ಲಿಯೂವಿಲ್ ಎಂಬ ಗಣಿತಜ್ಞ ಕಟ್ಟಿದ ಸಿದ್ಧಾಂತದಿಂದ ಇದನ್ನು ಸಾಧಿಸಿಯೇ ತೋರಿಸಬಹುದು.

ಇಲ್ಲಿ ಎರಡು ದಾರಿ ಇವೆ. 0 ರಿಂದ 1 ರವರೆಗಿನ ಬೆಲೆ ಬೇಕು ಎಂದಿಟ್ಟುಕೊಳ್ಳಿ. ಶ್ರೇಣಿ ಬಿಡಿಸಿ ಪದ ಪದವಾಗಿ ಇಂಟಿಗ್ರೇಟ್ ಮಾಡಿದರೆ 1 − 1/3 + 1/10 − 1/42 + 1/216 − … ಎಂದು ಹೋಗುತ್ತದೆ. ಐದು ಪದ ಕೂಡಿಸಿದರೆ 0.7475, ಏಳು ಪದಕ್ಕೆ 0.74684. ನಿಜವಾದ ಬೆಲೆ 0.746824. ಚಿಹ್ನೆ ಅದಲುಬದಲಾಗುತ್ತಾ ಪದಗಳು ಸಣ್ಣದಾಗುತ್ತಾ ಹೋಗುವುದರಿಂದ, ಬಿಟ್ಟ ಮೊದಲ ಪದಕ್ಕಿಂತ ತಪ್ಪು ದೊಡ್ಡದಿರುವುದಿಲ್ಲ. ತಪ್ಪಿನ ಗಾತ್ರವೂ ಕೈಗೆ ಸಿಕ್ಕಿತು. ಸಿಂಪ್ಸನ್‌ನಲ್ಲಿ ನಾಲ್ಕು ಭಾಗ ಮಾಡಿದರೆ 0.746855. ಅದೂ ಚೆನ್ನಾಗಿಯೇ ಇದೆ.

ಈಗ ಮಿತಿಯನ್ನು 3 ಕ್ಕೆ ಏರಿಸಿ. ಉತ್ತರ 0.8862. ಆದರೆ ಶ್ರೇಣಿಯ ಪದಗಳು 3, 9, 24.3, 52, 91 ಎಂದು ಬೆಳೆಯುತ್ತಾ 190 ರ ಹತ್ತಿರ ಹೋಗಿ ಆಮೇಲೆ ಇಳಿಯುತ್ತವೆ. 1 ಕ್ಕಿಂತ ಸಣ್ಣ ಉತ್ತರಕ್ಕಾಗಿ 190 ರಷ್ಟು ದೊಡ್ಡ ಸಂಖ್ಯೆಗಳನ್ನು ಕೂಡಿಸಿ ಕಳೆಯಬೇಕು. ಕೊನೆಯಲ್ಲಿ ಶ್ರೇಣಿ ಸರಿಯಾದ ಕಡೆಗೇ ಬರುತ್ತದೆ, ಆದರೆ ದಶಾಂಶಗಳನ್ನು ಮಧ್ಯದಲ್ಲಿ ಕತ್ತರಿಸಿದರೆ ಉತ್ತರ ಹಾಳು. ಸೊನ್ನೆಯ ಹತ್ತಿರ ಶ್ರೇಣಿ, ದೂರ ಹೋದರೆ ಸಿಂಪ್ಸನ್ ಎಂದು ನಾನು ಹೇಳುವುದು ಇದಕ್ಕೇ. ಮಿತಿ ಅನಂತದವರೆಗೆ ಹೋದರೆ ಮತ್ತೆ ನಿಖರ ಉತ್ತರ ಇದೆ: √ಪೈ / 2. ಅದನ್ನು ಸಾಧಿಸಲು ಇಂಟಿಗ್ರಲ್ ಅನ್ನು ಅದರಿಂದಲೇ ಗುಣಿಸಿ ಪೋಲಾರ್ ನಿರ್ದೇಶಾಂಕಗಳಿಗೆ ಹೋಗುತ್ತಾರೆ. ಕ್ಯಾಲ್ಕುಲಸ್‌ನಲ್ಲಿ ಇಷ್ಟು ಸುಂದರವಾದ ತಿರುವು ಅಪರೂಪ.

ದಶಾಂಶ ಸಾಕಾಗದ ಸಂದರ್ಭಗಳೂ ಇವೆ. 0 ರಿಂದ 1 ರವರೆಗೆ ಎಕ್ಸ್⁴(1 − ಎಕ್ಸ್)⁴ / (1 + ಎಕ್ಸ್²) ಗೆ ಕ್ಯಾಲ್ಕುಲೇಟರ್ 0.00126 ಎನ್ನುತ್ತದೆ. ಅದನ್ನು ನೋಡಿ ಯಾರಿಗೂ ಏನೂ ಅನಿಸುವುದಿಲ್ಲ. ಕೈಯಲ್ಲಿ ಭಾಗಿಸಿ ಇಂಟಿಗ್ರೇಟ್ ಮಾಡಿದರೆ ಬರುವ ಉತ್ತರ 22/7 − ಪೈ. ಒಳಗಿರುವ ಫಂಕ್ಷನ್ ಎಲ್ಲೂ ಋಣವಲ್ಲ, ಹಾಗಾಗಿ ಪೈ 22/7 ಕ್ಕಿಂತ ಚಿಕ್ಕದು ಎಂದು ಅಲ್ಲೇ ಸಾಧಿಸಿದ ಹಾಗಾಯಿತು.

ಸಾಫ್ಟ್‌ವೇರ್ ಕೈಗೆ ಬಿಡುವುದಾದರೆ

ಮ್ಯಾಕ್ಸಿಮಾ, ಸಿಮ್‌ಪೈ ಎರಡೂ ಉಚಿತ, ಎರಡೂ ಸೂತ್ರ ರೂಪದ ಉತ್ತರ ಕೊಡುತ್ತವೆ. ಮ್ಯಾಕ್ಸಿಮಾದ ಮೂಲ 1968 ರಲ್ಲಿ ಎಂಐಟಿಯಲ್ಲಿ ಶುರುವಾದ ಮ್ಯಾಕ್‌ಸಿಮಾ ಎಂಬ ಯೋಜನೆ. ಹೆಚ್ಚುಕಮ್ಮಿ ಅದೇ ಹೊತ್ತಿಗೆ ರಿಶ್ ಎಂಬ ಗಣಿತಜ್ಞ, ಪರಿಚಿತ ಫಂಕ್ಷನ್‌ಗಳಲ್ಲಿ ಇಂಟಿಗ್ರಲ್ ಇದೆಯೇ ಇಲ್ಲವೇ ಎಂದು ಕ್ರಮವಾಗಿ ತೀರ್ಮಾನಿಸುವ ವಿಧಾನ ಕೊಟ್ಟ. ಇಂದಿನ ಸಾಫ್ಟ್‌ವೇರ್‌ಗಳು ಅದರ ಭಾಗಗಳನ್ನು ಬಳಸುತ್ತವೆ. ಅವು ನಡೆಯುವ ದಾರಿ ನಮ್ಮ ದಾರಿಯಲ್ಲ, ಆದ್ದರಿಂದ ಉತ್ತರದ ರೂಪವೂ ನಮ್ಮದರಂತೆ ಇರುವುದಿಲ್ಲ. ಸಿಮ್‌ಪೈ '+ ಸಿ' ಬರೆಯುವುದಿಲ್ಲ, 1/ಎಕ್ಸ್ ಗೆ ಲಾಗ್ ಎಕ್ಸ್ ಎಂದಷ್ಟೇ ಹೇಳುತ್ತದೆ, ಮಾಡ್ಯುಲಸ್ ಗೆರೆ ಹಾಕುವುದಿಲ್ಲ. ಅದನ್ನು ಹಾಗೇ ನಕಲು ಮಾಡಿದರೆ ಪರೀಕ್ಷೆಯಲ್ಲಿ ಅಂಕ ಹೋಗುತ್ತದೆ.

ಕಲಿಯುವ ಹಂತದಲ್ಲಿ ಇದನ್ನು ತಾಳೆ ನೋಡಲು ಇಟ್ಟುಕೊಳ್ಳುವುದು ಉತ್ತಮ. ಸೂತ್ರಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸಲು ಹೋಗಬೇಡಿ, ಒಂದೇ ಉತ್ತರ ನಾಲ್ಕು ವೇಷದಲ್ಲಿ ಬರಬಹುದು. ನಿಮ್ಮ ಉತ್ತರದಿಂದ ಸಾಫ್ಟ್‌ವೇರ್ ಉತ್ತರವನ್ನು ಕಳೆದು, ಮೂರ್ನಾಲ್ಕು ಜಾಗದಲ್ಲಿ ಬೆಲೆ ಹಾಕಿ. ಎಲ್ಲ ಕಡೆ ಒಂದೇ ಸಂಖ್ಯೆ ಬಂದರೆ ಎರಡೂ ಸರಿಹೊಂದುತ್ತವೆ. ಬೇರೆ ಬಂದರೆ ಮೊದಲು ಡಿಎಕ್ಸ್ ಬದಲಾಯಿಸಿದ ಸಾಲು ನೋಡಿ, ಆಮೇಲೆ ಬೈ ಪಾರ್ಟ್ಸ್‌ನ ಮೈನಸ್ ಚಿಹ್ನೆ, ಆಮೇಲೆ ಫಂಕ್ಷನ್ ತುಂಡಾಗುವ ಜಾಗ. ಡೆಫಿನಿಟ್ ಇಂಟಿಗ್ರಲ್ ಆದರೆ ಇನ್ನೊಂದು ಕೆಲಸ ಮಾಡಿ: ಸಾಫ್ಟ್‌ವೇರಿಗೆ ಸೂತ್ರದ ಉತ್ತರವನ್ನೂ ಕೇಳಿ, ಬರೀ ಸಂಖ್ಯೆಯ ಉತ್ತರವನ್ನೂ ಬೇರೆಯಾಗಿ ಕೇಳಿ. ಒಳಗೆ ಈ ಎರಡಕ್ಕೂ ಬೇರೆ ಬೇರೆ ವಿಧಾನ ನಡೆಯುತ್ತದೆ. ಎರಡೂ ಹೊಂದದಿದ್ದರೆ ಎರಡನ್ನೂ ಸದ್ಯಕ್ಕೆ ನಂಬಬೇಡಿ, ಮಿತಿಯನ್ನು ತುಂಡಾಗುವ ಜಾಗದಲ್ಲಿ ಎರಡು ಭಾಗ ಮಾಡಿ ಮತ್ತೆ ಕೇಳಿ.